ಗ್ಲೆನಿಸ್ ಬಾಗಿಲು ಹಾಕಿಕೊಂಡಳು

"ಗ್ಲೆನಿಸ್ ಹೇಗಿದಾಳೆ?" ಫೋನಿನ ಆ ಕಡೆಯಿಂದ ಟೇಟ್ ಕೇಳಿದ.

ನೆರಿಡಾ ನೆಲದ ಮೇಲೆ ಬೋರಲಾಗಿ ಮಲಗಿದ್ದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಗಾಜಿನ ಪೆಟ್ಟಿಗೆಯೊಳಗೆ, ನೀರಿನ ತಟ್ಟೆಯ ಸುತ್ತ, ಹತ್ತಿ ಉದುರಿಸಿದಂತೆ ಬಿಳಿ ಬೂಷ್ಟು ಹಬ್ಬಿತ್ತು. ಪಕ್ಕದಲ್ಲೇ ಗ್ಲೆನಿಸ್‌ಳ ಬಿಲ. ಬಿಲದ ಬಾಯಿಗೆ ಬಲೆಯ ಮುಚ್ಚಳ. ಎಂಟು ದಿನದಿಂದ ಅದು ತೆರೆದಿರಲಿಲ್ಲ.

"ಚೆನ್ನಾಗಿದಾಳೆ," ಅಂದಳು.

"ತಿಂದ್ಲಾ?"

"ಹೂಂ."

ಟೇಟ್ ನಕ್ಕ. "ಅವಳಿಗೇನು, ರಾಣಿ. ಸರಿ, ಶಿಫ್ಟ್‌ಗೆ ಹೊತ್ತಾಯ್ತು. ಹನ್ನೊಂದು ದಿನಕ್ಕೆ ಬರ್ತೀನಿ."

ಫೋನ್ ಇಟ್ಟ ಮೇಲೂ ನೆರಿಡಾ ಅಲ್ಲಿಯೇ ಮಲಗಿದ್ದಳು. ಅಣ್ಣನಿಗೆ ಅವಳು ಸುಳ್ಳು ಹೇಳಿದ್ದು ಕಡಿಮೆ. ಹೇಳಿದರೂ ಬಿಸ್ಕತ್ತಿನ ವಿಷಯಕ್ಕೆ.

ಗ್ಲೆನಿಸ್ ಟೇಟ್‌ನ ಟರಾಂಟುಲಾ. ಅಂಗೈಯಗಲದ ಕಂದು ಜೇಡ. ನೆರಿಡಾ ಹುಟ್ಟುವ ಮೊದಲೇ ಈ ಮನೆಗೆ ಬಂದವಳು. ಟೇಟ್ ಈಗ ದೂರದ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ. ಮೂರು ವಾರ ಅಲ್ಲಿ, ಒಂದು ವಾರ ಮನೆ. ಹೊರಡುವ ದಿನ ಅವನು ಮಂಡಿಯೂರಿ ಕೂತು, "ನೀನೇ ನೋಡ್ಕೋಬೇಕು. ಅಮ್ಮನ ಕೈಲಿ ಆಗಲ್ಲ," ಅಂದಿದ್ದ. ಅಮ್ಮನಿಗೆ ಜೇಡ ಇರಲಿ, ಜೇಡ ಇರುವ ಕೋಣೆಯ ಬಾಗಿಲು ಕಂಡರೇ ಮೈ ಜುಮ್ಮೆನ್ನುತ್ತಿತ್ತು.

ಸಂಜೆಯ ಹೊತ್ತಿಗೆ ಬೂಷ್ಟು ಇನ್ನೂ ಒಂದು ಬೆರಳಗಲ ಮುಂದೆ ಬಂದಂತೆ ಕಂಡಿತು. ನೆರಿಡಾ ಅಡುಗೆಮನೆಯಿಂದ ಒಂದು ಚಮಚ ತಂದಳು. ಬೂಷ್ಟನ್ನೆಲ್ಲ ಕೆರೆದು ತೆಗೆಯಬೇಕು. ಆಮೇಲೆ ಮೆಲ್ಲಗೆ ಬಿಲ ಅಗೆದು ಗ್ಲೆನಿಸ್ ಇದ್ದಾಳೋ ಇಲ್ಲವೋ ನೋಡಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದಳು. ಒದ್ದೆ ಮಣ್ಣಿನ ವಾಸನೆ ಬಂತು. ಅದರ ಜೊತೆ ಹಳಸಿದಂಥ ಇನ್ನೊಂದು ವಾಸನೆ.

"ಏನು ಮಾಡ್ತಿದೀಯ?" ಬಾಗಿಲ ಆಚೆಯಿಂದಲೇ ಅಮ್ಮ ಕೇಳಿದರು.

"ಗ್ಲೆನಿಸ್ ಸತ್ತು ಹೋಗಿದಾಳೆ ಅನ್ಸುತ್ತೆ."

ಅಮ್ಮ ಅವಳ ಕೈಯಲ್ಲಿದ್ದ ಚಮಚ ನೋಡಿದರು. "ನನಗೆ ಇದರ ತಲೆಬುಡ ಗೊತ್ತಿಲ್ಲಮ್ಮ. ಆದ್ರೆ ಚಮಚ ಹಾಕೋ ಮೊದಲು ನಾನ್ನಾ ಗ್ರೆಕ್ ಅವರನ್ನ ಒಂದು ಮಾತು ಕೇಳು. ಮತ್ತೆ ಅದು ನನ್ನ ಸಕ್ಕರೆ ಚಮಚ."

ನಾನ್ನಾ ಗ್ರೆಕ್ ಎರಡು ಮನೆ ಆಚೆ ಇದ್ದರು. ಅವರ ಅಜ್ಜ ಮಾಲ್ಟಾದಿಂದ ಕಬ್ಬು ಕಡಿಯಲು ಬಂದು ಈ ಮಕೈ ಊರಿನಲ್ಲೇ ಉಳಿದವರು. ನಾನ್ನಾ ಅಂದರೆ ಅವರ ಭಾಷೆಯಲ್ಲಿ ಅಜ್ಜಿ. ಈಗ ಇಡೀ ಬೀದಿಗೇ ಅವರು ನಾನ್ನಾ. ಕಂಬಗಳ ಮೇಲೆ ನಿಂತ ಅವರ ಮನೆಯ ಕೆಳಗೆ, ತಂಪಾದ ನೆರಳಿನಲ್ಲಿ, ಆರ್ಕಿಡ್ ಕುಂಡಗಳಿದ್ದವು. ಕುಂಡಗಳ ಹಿಂದೆ ಏಳು ಗಾಜಿನ ಪೆಟ್ಟಿಗೆಗಳಿದ್ದವು. ಏಳರಲ್ಲೂ ಜೇಡಗಳೇ.

ಮರುದಿನ ಬೆಳಿಗ್ಗೆ ನಾನ್ನಾ ಬಂದು, ಕನ್ನಡಕ ಏರಿಸಿ, ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದರು.

"ಒಳಗೆ ಏನು ಹಾಕ್ದೆ, ಮರಿ?"

"ನೀರು."

"ಎಷ್ಟು?"

"ಒಂದು ಮಗ್. ಸೆಕೆ ಅಲ್ವಾ, ಅದಕ್ಕೆ."

"ಮತ್ತೆ?"

ನೆರಿಡಾ ಕಾಲ್ಬೆರಳು ನೋಡಿದಳು. "ಜಿರಲೆ. ಎರಡು. ತಿನ್ನಲಿಲ್ಲ. ಹಸಿದಿರ್ತಾಳೆ ಅಂದ್ಕೊಂಡು ಇನ್ನೆರಡು ಹಾಕ್ದೆ. ಆಮೇಲೆ ಅವು ಎಲ್ಲಿ ಹೋದ್ವೋ ಕಾಣ್ಲಿಲ್ಲ."

"ಸತ್ತು ಬಿದ್ದಿವೆ ನೋಡು." ನಾನ್ನಾ ಉದ್ದನೆಯ ಚಿಮಟ ಇಳಿಸಿ ಒಂದೊಂದನ್ನೇ ಎತ್ತಿದರು. ನಾಲ್ಕಕ್ಕೂ ಬಿಳಿ ಗಡ್ಡ ಬಂದಿತ್ತು. "ಬೂಷ್ಟು ಹುಟ್ಟಿದ್ದು ಇಲ್ಲಿಂದ. ಈಗ ಹೇಳು, ಆ ಬಾಗಿಲು ಮುಚ್ಚಿದ್ದು ಯಾರು?"

"ಗ್ಲೆನಿಸ್."

"ಒಳಗಿನಿಂದಲೇ ಮುಚ್ಚಿದಾಳೆ. ಸಾಯೋರು ಅಷ್ಟು ಅಚ್ಚುಕಟ್ಟಾಗಿ ಬಾಗಿಲು ಹಾಕ್ಕೊಳಲ್ಲ. ಪೊರೆ ಬಿಡೋಕೆ ಹೋಗಿದಾಳೆ. ಮೈಮೇಲಿನ ಹಳೇ ಅಂಗಿ ಬಿಚ್ಚೋ ಹಾಗೆ ಪೂರ್ತಿ ಚರ್ಮ ಬಿಚ್ಚಬೇಕು. ಆಗ ಅವಳು ಬೆಣ್ಣೆ ಥರ ಮೆತ್ತಗೆ ಇರ್ತಾಳೆ. ನಿನ್ನ ಚಮಚ ಸ್ವಲ್ಪ ತಾಗಿದ್ರೂ ಸಾಕಿತ್ತು."

"ಮತ್ತೆ ಬೂಷ್ಟು? ಅದು ಅವಳ ಹತ್ರ ಹೋದ್ರೆ?"

"ಅದಕ್ಕೆ ಬೇರೆ ಜನ ಇದಾರೆ. ಬಾ."

ನಾನ್ನಾ ತಮ್ಮ ಮನೆಯ ಕೆಳಗಿನಿಂದ ಐಸ್‌ಕ್ರೀಮಿನ ಹಳೇ ಡಬ್ಬಿಯೊಂದನ್ನು ತೆಗೆದರು. ಒಳಗೆ ಬರೀ ಇದ್ದಿಲು. ಹುಳ ಕಾಣಲಿಲ್ಲ, ಏನೂ ಕಾಣಲಿಲ್ಲ. ನಾನ್ನಾ ಅದರ ಮೇಲೆ ಒಂದು ಲೋಟ ನೀರು ಸುರಿದರು.

ಆಗ ಇದ್ದಿಲಿನ ಸಂದುಸಂದಿನಿಂದ ಬಿಳಿ ಚುಕ್ಕೆಗಳು ಮೇಲೆ ತೇಲಿ ಬಂದವು. ಹತ್ತು, ನೂರು, ಲೆಕ್ಕವಿಲ್ಲದಷ್ಟು. ನೀರಿನ ಮೇಲೆ ಯಾರೋ ರವೆ ಚೆಲ್ಲಿದಂತೆ ಇತ್ತು. ನೆರಿಡಾ ಬಗ್ಗಿ ಉಸಿರು ಬಿಟ್ಟಳು. ಒಂದು ಚುಕ್ಕೆ ಟಪ್ಪನೆ ಹಾರಿ ಇನ್ನೊಂದು ಕಡೆ ಬಿತ್ತು. ಅದರ ಹಿಂದೆ ಇನ್ನೊಂದು.

"ಸ್ಪ್ರಿಂಗ್‌ಟೇಲ್," ಅಂದರು ನಾನ್ನಾ. "ಹೊಟ್ಟೆ ಕೆಳಗೆ ಮಡಚಿಟ್ಟ ಬಾಲ ಇದೆ. ಬಿಟ್ರೆ ಚಿಮ್ಮುತ್ತೆ. ಇವಕ್ಕೆ ಬೂಷ್ಟು ಅಂದ್ರೆ ಹಬ್ಬದೂಟ. ಜೇಡನ್ನ ಮುಟ್ಟಲ್ಲ, ಎಬ್ಬಿಸಲ್ಲ. ಅವಳ ಕಾಲ ಸಂದೀಲಿ ಓಡಾಡಿದ್ರೂ ಅವಳಿಗೆ ಗೊತ್ತಾಗಲ್ಲ."

ಆ ನೀರನ್ನು ಅವರು ಒಂದು ಸಣ್ಣ ಶೀಸೆಗೆ ಬಗ್ಗಿಸಿಕೊಟ್ಟರು. ನೆರಿಡಾ ಎರಡು ಮನೆ ದಾಟುವಷ್ಟರಲ್ಲಿ ಮೂರು ಸಲ ನಿಂತು ಶೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮನೆಗೆ ಬಂದು ಬೂಷ್ಟಿನ ಅಂಚಿನಲ್ಲಿ ಹನಿಹನಿಯಾಗಿ ಬಿಟ್ಟಳು. ಚುಕ್ಕೆಗಳು ಮಣ್ಣಿನ ಮೇಲೆ ಕ್ಷಣ ನಿಂತವು. ಆಮೇಲೆ ಒಂದೊಂದೇ ಬಿಳಿ ಕಾಡಿನೊಳಗೆ ನಡೆದುಹೋದವು.

ಸಂಜೆ ಅವಳೇ ಟೇಟ್‌ಗೆ ಫೋನ್ ಮಾಡಿದಳು.

"ಗ್ಲೆನಿಸ್ ತಿಂದಿಲ್ಲ. ನಾನು ಸುಳ್ಳು ಹೇಳಿದ್ದೆ," ಎಂದು ಶುರು ಮಾಡಿ, ನೀರು, ಜಿರಲೆ, ಬೂಷ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಆ ಕಡೆ ದೂರದಲ್ಲಿ ಯಾವುದೋ ಲಾರಿ ಹಿಂದಕ್ಕೆ ಚಲಿಸುವ ಬೀಪ್ ಬೀಪ್ ಸದ್ದು.

"ಅಗೆದ್ಯಾ?" ಟೇಟ್ ಕೇಳಿದ.

"ಇಲ್ಲ. ಚಮಚ ತಂದಿದ್ದೆ. ಆದ್ರೆ ಅಗೀಲಿಲ್ಲ."

ಟೇಟ್ ಉಸಿರು ಬಿಟ್ಟದ್ದು ಕೇಳಿಸಿತು. "ನಾನು ಅಗೆದಿದ್ದೆ," ಅಂದ. "ನಂಗೆ ಆಗ ಎಂಟು ವರ್ಷ. ಗ್ಲೆನಿಸ್‌ಗೂ ಮುಂಚೆ ಇನ್ನೊಂದು ಇತ್ತು. ಬಿಲ ಮುಚ್ಕೊಂಡು ವಾರ ಆಗಿತ್ತು. ತಡೆಯೋಕಾಗ್ಲಿಲ್ಲ. ಪೆನ್ಸಿಲ್‌ನಲ್ಲಿ ಅಗೆದೆ."

"ಆಮೇಲೆ?"

"ಅರ್ಧ ಪೊರೆ ಬಿಟ್ಟಿತ್ತು. ಬೆಳ್ಳಗೆ, ಮೆತ್ತಗೆ. ಎರಡು ದಿನ ಇತ್ತು, ಅಷ್ಟೆ."

"ಅದರ ಹೆಸರೇನು?"

"ಇನ್ನೂ ಇಟ್ಟಿರ್ಲಿಲ್ಲ," ಅಂದ ಟೇಟ್. "ಇದನ್ನ ಯಾರಿಗೂ ಹೇಳಿಲ್ಲ ನಾನು."

ಟೇಟ್‌ಗೂ ಹಾಗೆ ಆಗಿತ್ತು ಎಂಬುದು ನೆರಿಡಾಗೆ ವಿಚಿತ್ರವೆನಿಸಿತು. ಅವನು ಅವಳ ಕಣ್ಣಿಗೆ ಯಾವಾಗಲೂ ಎಲ್ಲ ಗೊತ್ತಿದ್ದ ಟೇಟ್ ಆಗಿದ್ದ.

ರಜೆಯ ಮಧ್ಯಾಹ್ನಗಳು ಉದ್ದವಾಗಿದ್ದವು. ಸಕ್ಕರೆ ಕಾರ್ಖಾನೆಯಿಂದ ಕಾಕಂಬಿಯ ವಾಸನೆ ತೇಲಿ ಬಂದು ಕೋಣೆಯಲ್ಲಿ ನಿಲ್ಲುತ್ತಿತ್ತು. ಹಿತ್ತಲಿನ ಆಚೆ ಕಬ್ಬು ಸಾಗಿಸುವ ರೈಲು ಕಟಕಟ ಎನ್ನುತ್ತಾ ಹೋಗುತ್ತಿತ್ತು. ನೆರಿಡಾ ಭೂತಗನ್ನಡಿ ಹಿಡಿದು ನೆಲದ ಮೇಲೆ ಮಲಗಿರುತ್ತಿದ್ದಳು. ಗಾಜಿನಾಚೆ ಒಂದು ಊರೇ ಇತ್ತು. ತೆಂಗಿನ ನಾರಿನ ದಿಮ್ಮಿಗಳು, ಮಣ್ಣುಹೆಂಟೆಯ ಬೆಟ್ಟಗಳು, ಮಂಜು ಮುಸುಕಿದಂಥ ಬಿಳಿ ಕಾಡು. ಆ ಕಾಡಿನಲ್ಲಿ ಪುಟ್ಟ ಬಿಳಿ ಜನ ಮೀಸೆ ಆಡಿಸುತ್ತಾ, ಯಾವ ಅವಸರವೂ ಇಲ್ಲದೆ ಮೇಯುತ್ತಿದ್ದರು. ನೋಡುತ್ತಾ ನೋಡುತ್ತಾ ಅವಳ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಅವಳೂ ಆ ಬೆಟ್ಟಗಳ ನಡುವೆ ನಡೆಯುತ್ತಿದ್ದಳು. ಅಲ್ಲಿ ಸದ್ದೇ ಇರಲಿಲ್ಲ. ಕೆಳಗೆ ಮಣ್ಣಿನ ಆಳದಲ್ಲಿ ದೊಡ್ಡದೊಂದು ಜೀವ ಉಸಿರಾಡುತ್ತಿದೆ ಅನ್ನಿಸುತ್ತಿತ್ತು.

ನಾಲ್ಕನೇ ದಿನ ಕಾಡಿನ ಅಂಚು ಹರಿದಂತೆ ಕಂಡಿತು. ಏಳನೇ ದಿನ ನೀರಿನ ತಟ್ಟೆಯ ಒಂದು ಬದಿ ಪೂರ್ತಿ ಕಂದು ಮಣ್ಣು. ಒಂದು ದಿನ ಅಮ್ಮ ಹೊಸ್ತಿಲ ತನಕ ಬಂದು, "ಸೈನ್ಯ ಏನು ಮಾಡ್ತಿದೆ?" ಎಂದು ಕೇಳಿದರು. ಹೊಸ್ತಿಲು ದಾಟಲಿಲ್ಲ. ಆದರೂ ಅಲ್ಲಿಯವರೆಗೆ ಬಂದರಲ್ಲ.

ಶನಿವಾರ ಟೇಟ್ ಬಂದ. ಬೂಟು ಸಹ ಬಿಚ್ಚದೆ ನೇರ ಕೋಣೆಗೆ ಬಂದು ಮಂಡಿಯೂರಿದ. ಬೂಷ್ಟಿನ ಅಲ್ಲೊಂದು ಇಲ್ಲೊಂದು ಎಳೆ ಮಾತ್ರ ಉಳಿದಿತ್ತು. ಬಲೆಯ ಬಾಗಿಲು ಮಾತ್ರ ಹಾಗೇ ಮುಚ್ಚಿತ್ತು.

"ಹತ್ತೊಂಬತ್ತು ದಿನ ಆಯ್ತು," ಅಂದ. ಅವನ ಕೈ ತಾನಾಗಿಯೇ ಪೆಟ್ಟಿಗೆಯ ಮುಚ್ಚಳದ ಮೇಲೆ ಹೋಯಿತು. "ಒಂಚೂರು ಇಣುಕಿ..."

ನೆರಿಡಾ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಟೇಟ್ ಅವಳ ಮುಖ ನೋಡಿದ. ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡ.

ಭಾನುವಾರ ಏನೂ ಆಗಲಿಲ್ಲ. ಸೋಮವಾರವೂ ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಇಬ್ಬರೂ ನೆಲದ ಮೇಲೆ ಕೂತು ಟೋಸ್ಟ್ ತಿನ್ನುತ್ತಿದ್ದಾಗ ಬಲೆಯ ಬಾಗಿಲು ಅಲುಗಿತು. ಮೊದಲು ಹೊರಗೆ ಬಂದದ್ದು ಒಂದು ಮುದುಡಿದ ಹಳೇ ಚರ್ಮ. ಒಳಗಿನಿಂದ ಯಾರೋ ಅದನ್ನು ತಳ್ಳುತ್ತಿದ್ದರು. ಅದರ ಹಿಂದೆ ಒಂದು ಕಾಲು. ಕಪ್ಪು ಮಖಮಲ್ಲಿನಂಥ ಹೊಸ ಕಾಲು. ಆಮೇಲೆ ಇನ್ನೊಂದು.

ಟೇಟ್ ಬಾಯಲ್ಲಿದ್ದ ಟೋಸ್ಟ್ ಅಗಿಯುವುದನ್ನೇ ಮರೆತಿದ್ದ. ಅವನ ಕಣ್ಣಲ್ಲಿ ನೀರು ನಿಂತಿತ್ತು. ನೆರಿಡಾ ನೋಡಿದರೂ ನೋಡದವಳಂತೆ ಇದ್ದಳು.

"ಹೇಗೆ ಕಾದೆ ನೀನು?" ಅವನು ಪಿಸುಮಾತಿನಲ್ಲಿ ಕೇಳಿದ.

ನೆರಿಡಾ ಭೂತಗನ್ನಡಿಯನ್ನು ಗಾಜಿಗೆ ಹಿಡಿದಳು. ಹಳೇ ಚರ್ಮದ ಬೆನ್ನ ಮೇಲೆ ಆಗಲೇ ಒಂದು ಬಿಳಿ ಚುಕ್ಕೆ ಹತ್ತಿ ಮೀಸೆ ಆಡಿಸುತ್ತಿತ್ತು. ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಮೂಸಿತು. ಆಮೇಲೆ ಟಪ್ಪನೆ ಹಾರಿ ಮಣ್ಣಿನಲ್ಲಿ ಮರೆಯಾಯಿತು.

ಎಲ್ಲಿ ಬಿತ್ತೆಂದು ನೆರಿಡಾ ಹುಡುಕಲಿಲ್ಲ.