ವಾಯರಿಲ್ಲದ ಪಂಪ

ಎಪ್ಪತ್ನಾಕರ ಬ್ಯಾಸಗಿಯಾಗ, ವಿಜಾಪುರದ ಸ್ಟೇಷನ್ ರಸ್ತೆದಾಗಿನ ನನ್ನ ಗ್ಯಾರೇಜಿನಾಗ ಆದ ಮಾತಿದು. ಖರೇನ ಹೇಳತೇನಿ. ನಿಡೋಣಿ ಧೂಳಪ್ಪನ ಕಾರಿಗೆ ಜೋರ ಎಳಿಯೋ ಹೊಸ ಪೆಟ್ರೋಲ್ ಪಂಪ ಕೂಡಿಸಿದೆ. ಟ್ಯಾಂಕಿನ ಬಾಜೂಕಿದ್ದ ಹಳೇ ಪಂಪ ಬಿಚ್ಚಿ, ಒರಸಿ ಖಾಲಿ ಡಬ್ಬಿಯಾಗ ಇಟ್ಟೆ. ಸುಡು ಮಧ್ಯಾಹ್ನ, ಬ್ಯಾಟರಿ ವಾಯರ ಇಲ್ಲದನ ಅದು ಟಿಕ್ ಟಿಕ್ ಅನ್ನಾಕತ್ತಿತು. ಮುಟ್ಟಿದರ ಬರ್ಫದಂಗ ತಣ್ಣಗಿತ್ತು. ಪೈಪ ತುಂಬಿದ ಮ್ಯಾಲ ನಿಲ್ಲೋ ಪಂಪಿನಂಗ, ಆಮ್ಯಾಲ ತಾನ ಸುಮ್ಮನಾತು. ನೋಡಿದರ ಡಬ್ಬಿಯಾಗ ಬೊಗಸಿ ಪೆಟ್ರೋಲ್!

"ಬಾಬುಸಾಬ, ಈ ಪಂಪ ಊರ ಹೊರಗ ಹುಗದ ಬಾರೋ ಮಾರಾಯಾ," ಅಂದ ಧೂಳಪ್ಪ.

"ಯಾಕ ಹುಗೀಲಿ? ಗ್ಯಾರೇಜ ನಂದು. ಪೆಟ್ರೋಲ್ ಯಾರದೈತಿ, ಅವರ ಬಂದ ಕೇಳಲಿ!"

ಆ ಕಾರು ಗುಜರಿಗೆ ಹೋಗಿ ಮೂರು ವರ್ಷಾತು. ಹಳೇ ಪಂಪ ದಿನಾ ಮಧ್ಯಾಹ್ನ ಬಡೀತೈತಿ, ಬೊಗಸಿ ಪೆಟ್ರೋಲ್ ಕೊಡತೈತಿ. ಅದನ್ನ ನನ್ನ ಫಟಫಟಿಗೆ ಹಾಕ್ಕೊಂಡು ಸಾರವಾಡಕ್ಕ ಹೋಗಿ ಬರತೇನಿ. ಕೇಳಾಕ ಇನ್ನೂ ಯಾರೂ ಬಂದಿಲ್ಲ.