ಕಂಚಿನಾನೆಯನ್ನು ಎಬ್ಬಿಸಿದ ರಾಜಕುಮಾರಿ

ನಮ್ಮ ಅಜ್ಜನ ಅಜ್ಜನೂ ಹುಟ್ಟುವ ಮುಂಚೆ ಹೊಂಬಾಳೆಪುರವೆಂಬ ರಾಜ್ಯವಿತ್ತು. ಅದರ ಕೋಟೆ ಬಾಗಿಲನ್ನು ಮಾಯೆಯ ಕಂಚಿನಾನೆಯೊಂದು ಕಾಯುತ್ತಿತ್ತು. ರಾತ್ರಿ ಮಲಗುವುದು, ಬೆಳಗ್ಗೆ ಎಬ್ಬಿಸಿದರೆ ಏಳುವುದು. ಆ ಊರಿನವರಿಗೋ, ಏಳುವವರ ಬಾಯಿಗೆ ಮೊದಲು ಬೆಲ್ಲ ಇಡದಿದ್ದರೆ ಸಮಾಧಾನವಿಲ್ಲ! ಆನೆಗೂ ಅದೇ ಉಪಚಾರ. ಮೊದಲು ಬಾಯಿಗೆ ಬೆಲ್ಲ, ಆಮೇಲೆ ಕಣ್ಣಿಗೆ ದೀಪ, ಕಡೆಗೆ ಕಾಲಿಗೆ ನೀರು.

ಇದನ್ನು ಕಂಡ ಕಾಳಜಿಹ್ವನೆಂಬ ಮಾಂತ್ರಿಕ ಆನೆಯ ನಾಲಿಗೆಗೆ ಮಂತ್ರ ಹಾಕಿದ. ಅಂದಿನಿಂದ ಬಾಯಿಗೆ ಬೆಲ್ಲ ಬಿದ್ದರೆ ಸಾಕು, ಆನೆ ಅವನನ್ನೇ ಹೊಗಳತೊಡಗಿತು. ಹೊಗಳಿಕೆ ಮುಗಿಯುವ ತನಕ ಕಣ್ಣು ತೆರೆಯದು, ಕಾಲು ಅಲುಗದು. ಅಷ್ಟರಲ್ಲಿ ಅವನ ಹೊಗೆಹುಲಿಗಳು ನುಗ್ಗಿ ಸಿಕ್ಕವರನ್ನು ಹೊತ್ತೊಯ್ದು ಕಲ್ಲಾಗಿಸುತ್ತಿದ್ದವು.

"ಮೂರನೆಯ ಬೆಳಗ್ಗೆ ನಿಮ್ಮ ರಾಜನ ಸರದಿ!" ಎಂದು ಮಾಂತ್ರಿಕ ಸಾರಿದ.

ರಾಜಕುಮಾರಿ ಮಂದಾರವಲ್ಲಿ ಕೈಕಟ್ಟಿ ಕೂರುವ ಹೆಣ್ಣಲ್ಲ. "ಅಪ್ಪಾಜಿ, ಆನೆಯನ್ನು ಇನ್ನು ನಾನು ಎಬ್ಬಿಸುತ್ತೇನೆ" ಎಂದಳು.

ಮೊದಲ ಬೆಳಗ್ಗೆ ಬೆಲ್ಲವಿಟ್ಟು, ಕೂಡಲೇ ಬಾಯಿಗೆ ಬಟ್ಟೆ ತುರುಕಿದಳು. ಆನೆ ಸೊಂಡಿಲಿನಿಂದಲೇ ಹೊಗಳಿತು. ಹುಲಿಗಳು ಬಂದವು, ಹೊತ್ತವು, ಹೋದವು.

ಎರಡನೆಯ ಬೆಳಗ್ಗೆ ಅವಸರದಲ್ಲಿ ಆನೆಯ ಬಾಲ ಎಡವಿದಳು. ಬಾಲವೊಂದೇ ಎಚ್ಚರಗೊಂಡು ಪಟಪಟ ಬಡಿಯಿತು. ಅವಳು ಬೆಲ್ಲವಿಟ್ಟು ನಗಾರಿ ಬಾರಿಸಿದಳು. ಆನೆ ಇನ್ನೂ ಜೋರಾಗಿ ಹೊಗಳಿತು. ಹುಲಿಗಳು ಬಂದವು, ಹೊತ್ತವು, ಹೋದವು. ಮಂದಾರವಲ್ಲಿ ಅಳುತ್ತಾ ಕುಳಿತಾಗ ಆ ಬಾಲ ನೆನಪಾಯಿತು. ಮೊದಲು ಮುಟ್ಟಿದ್ದು ಮೊದಲು ಏಳುತ್ತದೆ!

ಮೂರನೆಯ ಬೆಳಗ್ಗೆ ಅವಳು ನೀರಿನ ಬಿಂದಿಗೆ ಹಿಡಿದು ನೇರ ಕಾಲಿನ ಬಳಿ ಹೋದಳು. ಮುದಿ ಮಂತ್ರಿ ಹೌಹಾರಿದ. "ತಾಯಿ, ಬಾಯಿ ಸಿಹಿ ಮಾಡದೆ ಎಬ್ಬಿಸುವುದೇ? ಹಿರಿಯರ ಪದ್ಧತಿ!"

"ಪದ್ಧತಿ ಬಿಡುವುದಿಲ್ಲ ಮಂತ್ರಿಗಳೇ. ಸರದಿ ಬದಲಿಸುತ್ತೇನೆ, ಅಷ್ಟೇ."

ಕಾಲಿಗೆ ನೀರು ಬಿತ್ತು, ಆನೆ ಎದ್ದು ನಿಂತಿತು. ಕಣ್ಣಿಗೆ ದೀಪ ಬೆಳಗಿತು, ಹುಲಿಗಳು ಕಂಡವು. ಸೊಂಡಿಲು ಸವರಿದಳು, ಅದು ಹುಲಿಗಳನ್ನು ಊದಿ ಚದುರಿಸಿ, ಹಿಂದೆ ಅಡಗಿದ್ದ ಕಾಳಜಿಹ್ವನನ್ನು ಎತ್ತಿ ಹಿಡಿಯಿತು. ಆಗ ಬಾಯಿಗೆ ಬೆಲ್ಲ.

"ಹೊಗಳು, ನನ್ನನ್ನು ಹೊಗಳು!" ಎಂದು ಅವನು ಅರಚಿದ.

"ವೀರಾಧಿವೀರ..." ಎಂದು ಶುರುಮಾಡಿದ ಆನೆ, ಸೊಂಡಿಲಲ್ಲಿ ಗಡಗಡ ನಡುಗುತ್ತಿದ್ದ ನರಪೇತಲನನ್ನು ಕಣ್ಣಾರೆ ಕಂಡಿತು. ನಗು ತಡೆಯಲಾರದೆ ಘೊಳ್ಳೆಂದಿತು. ಹೊಗಳಿಕೆ ಕಡಿದು ಮಂತ್ರ ಮುರಿಯಿತು, ಮಾಂತ್ರಿಕ ಹಿಡಿ ಮಸಿಯಾಗಿ ಉದುರಿದ. ಕಲ್ಲಾದವರೆಲ್ಲ ಮೈಮುರಿದು ಮನೆಗೆ ಬಂದರು.

ರಾಜನ ಎದೆ ಹಿಗ್ಗಿ ಅಂಗಿಯ ಗುಂಡಿ ಕಿತ್ತುಬಂತು. "ನೋಡಿರಯ್ಯಾ, ನನ್ನ ಮಗಳು!" ಎಂದು ಬೀದಿಬೀದಿಯಲ್ಲಿ ಸಾರುತ್ತಾ ನಡೆದ. ಸಂಜೆಗೆ ಗಂಟಲು ಕಟ್ಟಿತು, ಆದರೂ ಬಿಡಲಿಲ್ಲ. ಅವನ ದನಿ ಸೋತಲ್ಲಿ ಜನರೇ ಕೂಗಿದರು: "ನಮ್ಮ ಮಗಳು!" ಅಂದಿನಿಂದ ಹೊಂಬಾಳೆಪುರ ನೆಮ್ಮದಿಯಾಗಿ ಮಲಗಿತು, ನಗುತ್ತಾ ಎದ್ದಿತು.