ಹನ್ನೊಂದು ಕೈಗಡಿಯಾರ

"ಇಪ್ಪತ್ತಮೂರು," ಎಂದಳು ಟೂರ್ ಗೈಡ್ ಒಟೀಲಿಯಾ.

ಅವಳು ಬಸ್ಸಿನ ಹಿಂದಿನ ಸೀಟಿನಿಂದ ಇನ್ನೊಮ್ಮೆ ಎಣಿಸುತ್ತ ಬಂದಳು. ಈ ಸಲವೂ ಇಪ್ಪತ್ತಮೂರೇ. ಬೆಳಿಗ್ಗೆ ಮೂವತ್ತನಾಲ್ಕು ಜನ ಇದ್ದರು.

"ಎಣಿಸಿದಷ್ಟೂ ಜನ ಜಾಸ್ತಿ ಆಗ್ತಾರಾ?" ಎಂದು ಡ್ರೈವರ್ ಅಡೆಲಿನೊ ಕೇಳಿದ. ಅವನು ಸ್ಟಿಯರಿಂಗ್ ಮೇಲೆ ಕರವಸ್ತ್ರ ಹಾಸಿಕೊಂಡು ಕಿತ್ತಳೆ ಸುಲಿಯುತ್ತಿದ್ದ.

"ನೀವು ಸುಮ್ನೆ ಹಣ್ಣು ತಿನ್ರಿ."

"ತಿಂತಾನೇ ಇದೀನಲ್ಲ."

ಡ್ರೈವರ್ ಹಿಂದಿನ ಸೀಟಿನಲ್ಲಿ ಒಟೀಲಿಯಾಳ ಮಗಳು ಸಬೇಲಾ ಕೂತಿದ್ದಳು. ಅವಳಿಗೆ ಹತ್ತು ವರ್ಷ. ಅವಳು ಹಿಂತಿರುಗಿ ಖಾಲಿ ಸೀಟುಗಳನ್ನು ಒಂದೊಂದಾಗಿ ನೋಡಿದಳು. ಹದಿನೇಳನೇ ಸೀಟು, ದೋನ್ ಎವರಿಸ್ತೊ ಅವರದು. ಅದರ ಹಿಂದಿನದು ಬೆನಿಗ್ನಾ ಅಜ್ಜಿಯದು. ಹೀಗೇ ಹನ್ನೊಂದು ಸೀಟು. ಆ ಹನ್ನೊಂದು ಜನರ ಮುಖಕ್ಕಿಂತ ಅವರ ಎಡಗೈಗಳು ಅವಳಿಗೆ ಚೆನ್ನಾಗಿ ನೆನಪಿದ್ದವು.



ನಿಜ ಹೇಳಬೇಕೆಂದರೆ ಸಬೇಲಾ ಈ ಬಸ್ಸಿನಲ್ಲಿ ಇರಲೇಬಾರದಾಗಿತ್ತು. ಈಸ್ಟರ್ ರಜದಲ್ಲಿ ಅವಳು ಯಾವಾಗಲೂ ಅಜ್ಜಿಯ ಮನೆಯಲ್ಲಿರುತ್ತಿದ್ದಳು. ಈ ಸಲ ಅಜ್ಜಿಗೆ ಕಣ್ಣಿನ ಆಪರೇಷನ್. ಗೈಡುಗಳು ತಮ್ಮ ಮಕ್ಕಳನ್ನು ಬಸ್ಸಿಗೆ ಹತ್ತಿಸಬಾರದು ಎಂದು ಟೂರ್ ಆಫೀಸಿನ ನಿಯಮ. ಹೋದ ತಿಂಗಳು ಒಟೀಲಿಯಾಳ ಮೇಲೆ ಎರಡು ದೂರು ಬಂದಿದ್ದವು. "ಇನ್ನೊಂದು ಬಂದ್ರೆ ಬೇಸಿಗೆ ಪೂರ್ತಿ ಮನೇಲೇ ಇರಿ" ಎಂದು ಆಫೀಸಿನವರು ಹೇಳಿದ್ದರು. ಗೈಡುಗಳಿಗೆ ಕೆಲಸ ಸಿಗುವುದೇ ಬೇಸಿಗೆಯಲ್ಲಿ.

"ನೀನು ಲಗೇಜು," ಎಂದು ಅಮ್ಮ ಮೊದಲನೇ ದಿನವೇ ಹೇಳಿದ್ದಳು. "ಲಗೇಜು ಮಾತಾಡಲ್ಲ. ಇಟ್ಟ ಕಡೆ ಇರುತ್ತೆ."

"ಲಗೇಜಿಗೆ ಬಾತ್‌ರೂಮಿಗೆ ಹೋಗ್ಬೇಕು ಅನ್ಸಿದ್ರೆ?"

"ಕೇಳ್ಕೊಂಡು ಹೋಗುತ್ತೆ."

ಬಸ್ಸಿನಲ್ಲಿದ್ದವರೆಲ್ಲ ಸ್ಪೇನಿನ ತೆರುಯೆಲ್ ಊರಿನ ಅಜ್ಜ ಅಜ್ಜಿಯರು. ಐದು ದಿನದಲ್ಲಿ ಎರಡು ದೇಶದ ಹಳೆಯ ಊರುಗಳನ್ನೆಲ್ಲ ನೋಡಿಬಿಡಬೇಕೆಂದು ಹೊರಟಿದ್ದರು. ಅವರಲ್ಲಿ ದೋನ್ ಎವರಿಸ್ತೊ ನಲವತ್ತು ವರ್ಷ ರೈಲ್ವೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ಒಟೀಲಿಯಾ ಮೈಕ್ ಹಿಡಿದಾಗಲೆಲ್ಲ ಅವರು ಕಿವಿಯ ಮೆಷಿನ್ ಆಫ್ ಮಾಡುತ್ತಿದ್ದರು. ಮೊದಲನೇ ದಿನ ಸಂಜೆ ದೂರು ಬರೆಯುವ ಹಳದಿ ಹಾಳೆ ಕೊಟ್ಟಾಗ ಮಾತ್ರ ಇನ್ನೊಂದು ಹಾಳೆ ಕೇಳಿದ್ದರು.

"ಈ ಹುಡುಗಿ ಯಾರು? ಲಿಸ್ಟಲ್ಲಿ ಇಲ್ಲ," ಎಂದು ಅವರು ಮೊದಲನೇ ದಿನವೇ ಕೇಳಿದ್ದರು.

"ಅದು ನನ್ನ ಲಗೇಜು," ಎಂದಿದ್ದಳು ಒಟೀಲಿಯಾ.

ಅವರು ಸಬೇಲಾಳನ್ನು ಮೇಲಿಂದ ಕೆಳಗೆ ನೋಡಿ ತಮ್ಮ ಸೀಟಿಗೆ ಹೋಗಿದ್ದರು.

ಇವತ್ತು ಎರಡನೇ ದಿನ. ಬೆಳಿಗ್ಗೆ ಬಸ್ಸು ಮಿನ್ಯೊ ನದಿಯ ಸೇತುವೆ ಹತ್ತುವ ಮೊದಲು ಒಟೀಲಿಯಾ ಮೈಕ್ ತೆಗೆದುಕೊಂಡಳು.

"ಯಾರೂ ಗಡಿಯಾರ ಮುಟ್ಟಬೇಡಿ. ಹೊಳೆ ದಾಟಿದ್ರೆ ಪೋರ್ಚುಗಲ್. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ನಾವು ಸಂಜೆಗೇ ಸ್ಪೇನಿಗೆ ವಾಪಸ್ ಬರ್ತೀವಿ. ಅದಕ್ಕೆ ಇವತ್ತು ಎಲ್ರಿಗೂ ಬಸ್ಸಿನ ಗಂಟೆ. ಬಸ್ಸಿನ ಗಂಟೆ ಅಂದ್ರೆ ನಮ್ಮ ಸ್ಪೇನಿನ ಗಂಟೆ. ತಿಳೀತಾ?"

ಆಮೇಲೆ ಪ್ರತಿಯೊಬ್ಬರ ಫೋನನ್ನೂ ಈಸಿಕೊಂಡು, ಗಂಟೆ ತಾನಾಗಿ ತಿರುಗದ ಹಾಗೆ ಸೆಟ್ ಮಾಡಿ ಕೊಟ್ಟಳು. ನದಿಯ ಎರಡೂ ದಡದ ಗೈಡುಗಳು ಹೀಗೇ ಮಾಡುತ್ತಾರೆ. ಅಡೆಲಿನೊ ಮಾತ್ರ ಒಪ್ಪುತ್ತಿರಲಿಲ್ಲ. ಅವನು ಆ ದಡದ ವಲೆನ್ಸಾ ಊರಿನವನು.

"ನಮ್ಮೂರಲ್ಲಿ ನಮ್ಮ ಗಂಟೆ," ಎಂದು ಅವನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ.

ಸಬೇಲಾಳಿಗೂ ಅವನ ಮಾತೇ ಸರಿ ಅನ್ನಿಸಿತು. ಯಾವ ದೇಶದಲ್ಲಿ ಎಷ್ಟು ಗಂಟೆ ಎನ್ನುವುದು ಶಾಲೆಯಲ್ಲಿ ಹೋದ ತಿಂಗಳಷ್ಟೇ ಆಗಿತ್ತು. ಟೆಸ್ಟಿನಲ್ಲಿ ಅವಳಿಗೆ ಹತ್ತಕ್ಕೆ ಹತ್ತು. 'ಬಸ್ಸಿನ ಗಂಟೆ' ಎಂಬುದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಬ್ರಾಗಾ ನೋಡಿದ್ದಾಯಿತು. ವಾಪಸ್ ಬರುವಾಗ ವಲೆನ್ಸಾದ ಕೋಟೆಯೊಳಗೆ ಊಟ. ಇಬ್ಬರು ಅಜ್ಜಿಯರು ಮೀನು ಬೇಡ ಎಂದರು. ಒಟೀಲಿಯಾ ಅಡುಗೆಮನೆಗೆ ಹೋಗಿ ಜಗಳವಾಡುತ್ತಿದ್ದಳು. ಆಗ ದೋನ್ ಎವರಿಸ್ತೊ ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂವರೆ. ತಮ್ಮ ಕೈ ನೋಡಿಕೊಂಡರು. ಒಂದೂವರೆ.

"ಯಾವುದೋ ಒಂದು ಸುಳ್ಳು ಹೇಳ್ತಾ ಇದೆ," ಎಂದರು ಅವರು.

"ನಿಮ್ಮದು," ಎಂದಳು ಸಬೇಲಾ. ಲಗೇಜು ಮಾತಾಡಬಾರದೆಂಬುದು ಅವಳಿಗೆ ಮರೆತೇಹೋಯಿತು. "ಇಲ್ಲಿ ಒಂದು ಗಂಟೆ ಹಿಂದೆ. ನಮಗೆ ಪಾಠದಲ್ಲಿದೆ."

"ಗೈಡಮ್ಮ ಮುಟ್ಟಬೇಡಿ ಅಂದಿದ್ರಪ್ಪ," ಎಂದರು ಬೆನಿಗ್ನಾ ಅಜ್ಜಿ.

"ಯಾವಾಗ ಅಂದ್ರು? ನನಗೇನೂ ಕೇಳಿಸ್ಲಿಲ್ಲ. ಗೋಡೆ ಮೇಲೆ ಇರೋದೇ ಗಡಿಯಾರ ಕಣ್ರಮ್ಮ, ಉಳಿದದ್ದೆಲ್ಲ ಬಳೆ. ನಲವತ್ತು ವರ್ಷ ನಾನು ನೋಡಿಲ್ವಾ?" ದೋನ್ ಎವರಿಸ್ತೊ ಕೈ ಮುಂದೆ ಚಾಚಿದರು. ಅವರ ಬೆರಳುಗಳು ಶುಂಠಿಯ ಹಾಗೆ ಗಂಟುಗಂಟಾಗಿದ್ದವು. "ತಿರುಗಿಸು ಮಗೂ. ನನ್ನ ಕೈಲಾಗಲ್ಲ."

ಸಬೇಲಾ ತಿರುಗಿಸಿದಳು. ಸ್ಟೇಷನ್ ಮಾಸ್ಟರೇ ತಿರುಗಿಸಿಕೊಂಡ ಮೇಲೆ ಬೆನಿಗ್ನಾ ಅಜ್ಜಿಯೂ ಕೈ ಕೊಟ್ಟರು. ಅವರ ಪಕ್ಕದವರು ಕೊಟ್ಟರು. ಆ ಮೇಜಿನ ಸುತ್ತ ಕೂತ ಹನ್ನೊಂದು ಜನರೂ ಕೊಟ್ಟರು. ಅಷ್ಟು ಜನ ದೊಡ್ಡವರು ತನ್ನ ಮುಂದೆ ಕೈ ಚಾಚಿದ್ದು ಸಬೇಲಾಳಿಗೆ ಅದೇ ಮೊದಲು. ಅವಳಿಗೆ ಬಹಳ ಖುಷಿಯಾಯಿತು.

ಊಟ ಮುಗಿದಾಗ ಒಟೀಲಿಯಾ ಬಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. "ಈ ಊರು ಟವೆಲಿಗೆ ಹೆಸರುವಾಸಿ, ಬೇಕಾದವರು ಅಂಗಡಿಗೆ ಹೋಗಿ ತಗೊಳ್ಳಿ. ಸರಿಯಾಗಿ ನಾಲ್ಕಕ್ಕೆ ಬಸ್ಸಲ್ಲಿರಬೇಕು. ನಾಲ್ಕೂವರೆಗೆ ಹೊಳೆ ಆ ಕಡೆ, ಸ್ಪೇನಿನ ತುಯಿ ಊರಿನ ದೊಡ್ಡ ಇಗರ್ಜಿ ನೋಡ್ಬೇಕು, ಹಳೇ ಚರ್ಚು. ಐದಕ್ಕೆ ಅವರು ಬಾಗಿಲು ಹಾಕ್ತಾರೆ."

ಬಸ್ಸಿನ ಗಂಟೆಯಲ್ಲಿ ಈಗ ನಾಲ್ಕು ದಾಟಿತ್ತು. ಒಟೀಲಿಯಾ ದೋನ್ ಎವರಿಸ್ತೊ ಅವರಿಗೆ ಫೋನ್ ಮಾಡಿದಳು. ಹದಿನೇಳನೇ ಸೀಟಿನ ಕೆಳಗಿನ ಚೀಲದಲ್ಲಿ ಅದು ರಿಂಗಾಯಿತು.

"ಅಮ್ಮಾ," ಎಂದು ಪಿಸುಗುಟ್ಟಿದಳು ಸಬೇಲಾ.

"ಲಗೇಜು ಮಾತಾಡಲ್ಲ."

"ಅಮ್ಮಾ, ಅವರಿಗೆಲ್ಲ ಈಗಿನ್ನೂ ಮೂರು ಗಂಟೆ."

ಒಟೀಲಿಯಾ ತಿರುಗಿ ನೋಡಿದಳು. ಸಬೇಲಾ ನಡೆದದ್ದನ್ನು ಪಿಸುದನಿಯಲ್ಲೇ ಹೇಳಿದಳು. ಬೇಗ ಬೇಗ ಹೇಳಿದರೂ ತುಂಬಾ ಹೊತ್ತು ಹಿಡಿದ ಹಾಗನ್ನಿಸಿತು. ಅಡೆಲಿನೊ ಕಿತ್ತಳೆ ಅಗಿಯುವುದನ್ನು ನಿಲ್ಲಿಸಿದ.

"ಹನ್ನೊಂದು ಜನ!" ಎಂದ ಅವನು. "ಇಪ್ಪತ್ತು ವರ್ಷದಲ್ಲಿ ನಮ್ಮ ಗಂಟೆಗೆ ಬರೋನು ನನಗೆ ಒಬ್ಬನೂ ಸಿಕ್ಕಿರ್ಲಿಲ್ಲ."

ಒಟೀಲಿಯಾ ಬೈಯಲಿಲ್ಲ. ಇಪ್ಪತ್ತಮೂರು ಜನ ನೋಡುತ್ತಿದ್ದರು. "ನಾನು ಟವೆಲ್ ಅಂಗಡಿಗಳ ಕಡೆ ಹೋಗ್ತೀನಿ. ನೀನು ಕೋಟೆ ಗೋಡೆ ಮೇಲೆ ನೋಡು. ಓಡು," ಎಂದಳು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಎಂದು ಸಬೇಲಾಳಿಗೆ ಅನ್ನಿಸಿತು.

ಬೆನಿಗ್ನಾ ಅಜ್ಜಿ ಬುರುಜಿನ ಕೆಳಗೆ ಐಸ್‌ಕ್ರೀಮ್ ತಿನ್ನುತ್ತಿದ್ದರು. ಪಕ್ಕದಲ್ಲಿ ಆರು ಟವೆಲ್.

"ಇನ್ನೂ ಮುಕ್ಕಾಲು ಗಂಟೆ ಇದ್ಯಲ್ಲ ಮಗೂ. ಬಾ, ಕೂತ್ಕೋ."

"ಇಲ್ಲ ಅಜ್ಜಿ. ಅದು ನಾನು ಮಾಡಿದ ಮುಕ್ಕಾಲು ಗಂಟೆ. ನಿಜವಾಗ್ಲೂ ಇಲ್ಲ."

ಹೀಗೆ ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು. ಪ್ರತಿ ಸಲವೂ ಅವಳ ದನಿ ಮೊದಲಿಗಿಂತ ಸಣ್ಣದಾಗುತ್ತಿತ್ತು. ಅಜ್ಜ ಅಜ್ಜಿಯರು ಓಡಲಾರರು. ಎದ್ದು ನಿಲ್ಲುವುದಕ್ಕೇ ಅವರಿಗೆ ಒಂದೊಂದು ನಿಮಿಷ ಬೇಕು.

ದೋನ್ ಎವರಿಸ್ತೊ ಕೊನೆಗೆ ಸಿಕ್ಕಿದರು. ಒಂದು ಹಳೆಯ ಫಿರಂಗಿಗೆ ಒರಗಿ ಕೂತು ಕೆಳಗೆ ನದಿಯ ಮೇಲಿನ ರೈಲು ಸೇತುವೆಯನ್ನು ನೋಡುತ್ತಿದ್ದರು.

"ಮೂರು ಮೂವತ್ತೆಂಟು," ಎಂದರು ಅವರು ಕೈ ನೋಡಿಕೊಂಡು. "ನಲವತ್ತು ವರ್ಷದಲ್ಲಿ ನಾನು ಒಂದು ದಿನಾನೂ ಲೇಟಾಗಿಲ್ಲ, ಗೊತ್ತಾ?"

"ಬಸ್ಸಲ್ಲಿ ನಾಲ್ಕು ಮೂವತ್ತೆಂಟು," ಎಂದಳು ಸಬೇಲಾ.

ಅವರು ಸೇತುವೆಯನ್ನು ನೋಡಿದರು. ಕೈಗಡಿಯಾರವನ್ನು ನೋಡಿದರು. ಸಬೇಲಾಳನ್ನು ನೋಡಿದರು. ಎದ್ದು ಬಸ್ಸಿನ ಕಡೆ ನಡೆದರು. ಅಷ್ಟು ಜೋರಾಗಿ ಅವರು ನಡೆದದ್ದನ್ನು ಯಾರೂ ನೋಡಿರಲಿಲ್ಲ.

ಬಸ್ಸು ಹೊರಟಾಗ ಐದಕ್ಕೆ ಇನ್ನು ಹದಿನೈದೇ ನಿಮಿಷ. ಒಟೀಲಿಯಾ ಮೈಕ್ ಹಿಡಿದು ನಿಂತಳು.

"ತಪ್ಪು ನನ್ನದು," ಎಂದಳು. "ಗಂಟೆ ಸರಿಯಾಗಿ ಹೇಳ್ಲಿಲ್ಲ. ಎಲ್ರೂ ಕ್ಷಮಿಸಬೇಕು."

ಸಬೇಲಾ ಬಾಯಿ ತೆರೆದಳು. ಅಮ್ಮ ಅವಳನ್ನು ನೋಡಿದಳು. ಸಬೇಲಾ ಬಾಯಿ ಮುಚ್ಚಿದಳು. ತಾನು ಹೇಳಿದರೆ ಈ ಹುಡುಗಿ ಯಾರೆಂಬ ಮಾತು ಬಂದು, ಅಮ್ಮ ಮಗಳನ್ನು ಬಸ್ಸಿಗೆ ಹತ್ತಿಸಿದಳು ಎಂದು ಹಳದಿ ಹಾಳೆಗೆ ಹೋಗುತ್ತದೆ. ಹೇಳದಿದ್ದರೆ ಅಮ್ಮ ಗಂಟೆ ತಪ್ಪು ಹೇಳಿದಳು ಎಂದು ಹೋಗುತ್ತದೆ. ಎರಡೂ ಉತ್ತರ ತಪ್ಪಾಗುವ ಲೆಕ್ಕವನ್ನು ಶಾಲೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ತುಯಿಯಲ್ಲಿ ಬಸ್ಸು ಕೆಳಗೇ ನಿಲ್ಲಬೇಕು. ಇಗರ್ಜಿಗೆ ಏರುದಾರಿ. ಮೂವತ್ತನಾಲ್ಕು ಜನ ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಐದು ಹತ್ತು. ಬಾಗಿಲು ಹಾಕಿತ್ತು. ಅಲ್ಲಿ ಕಾದಿದ್ದ ಊರಿನ ಗೈಡ್ ಮನೆಗೆ ಹೋಗಿದ್ದ.

ಒಟೀಲಿಯಾ ಬಾಗಿಲನ್ನು ಒಂದು ಸಲ ತಳ್ಳಿ ನೋಡಿದಳು. ಆಮೇಲೆ ಅದಕ್ಕೆ ಬೆನ್ನು ಮಾಡಿ ನಿಂತಳು.

"ನನ್ನ ಬೆನ್ನ ಹಿಂದೆ ದೊಡ್ಡ ದೊಡ್ಡ ಕಂಬಗಳಿವೆ," ಎಂದು ಶುರುಮಾಡಿದಳು. "ಎಲ್ಲಾ ಸ್ವಲ್ಪ ವಾಲಿವೆ. ಬೀಳದೇ ಇರ್ಲಿ ಅಂತ ಒಂದು ಕಂಬದಿಂದ ಇನ್ನೊಂದಕ್ಕೆ ಕಲ್ಲಿನ ತೊಲೆ ಕೊಟ್ಟಿದಾರೆ. ಕೈ ಕೈ ಹಿಡ್ಕೊಂಡು ನಿಂತ ಹಾಗೆ ಕಾಣುತ್ತೆ..."

ಅವಳು ಒಳಗಿನದನ್ನೆಲ್ಲ ಹೇಳಿದಳು. ಬಲಗಡೆ ಏನಿದೆ, ಎಡಗಡೆ ಏನಿದೆ, ಬೆಳಕು ಎಲ್ಲಿಂದ ಬೀಳುತ್ತದೆ. ಮೂವತ್ತನಾಲ್ಕು ಜನ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೇಳಿದರು. ಸಬೇಲಾ ಅಮ್ಮನ ಕಾಲು ನೋಡುತ್ತಿದ್ದಳು. ಎಡಗಾಲಿನ ಶೂ ಹಿಂಬದಿಯಲ್ಲಿ ಹರಿದಿತ್ತು. ಕೋಟೆಯಲ್ಲಿ ಓಡುವಾಗ ಹರಿದಿರಬೇಕು.

"ಬಾಗಿಲು ಚೆನ್ನಾಗಿದೆ," ಎಂದರು ಬೆನಿಗ್ನಾ ಅಜ್ಜಿ ಕೊನೆಗೆ.

ಹೋಟೆಲಿಗೆ ಹೋಗುವ ದಾರಿಯಲ್ಲಿ ಹಳದಿ ಹಾಳೆ ಹಂಚಿದ್ದಾಯಿತು.

"ಲಗೇಜು! ಇಲ್ಲಿ ಬಾ," ಎಂದು ಹದಿನೇಳನೇ ಸೀಟಿನಿಂದ ಕೂಗು ಬಂತು. ದೋನ್ ಎವರಿಸ್ತೊ ಪೆನ್ನು ಚಾಚಿದರು. "ನನ್ನ ಬೆರಳು ಇವತ್ತು ಕೇಳ್ತಾ ಇಲ್ಲ. ನಾನು ಹೇಳ್ತೀನಿ, ನೀನು ಬರಿ. ಒಂದು. ಬ್ರಾಗಾದ ಕಾಫಿಯಲ್ಲಿ ಕಾಫಿ ಇರಲಿಲ್ಲ."

ಸಬೇಲಾ ಬರೆದಳು.

"ಎರಡು. ಹದಿನೇಳನೇ ಸೀಟಿನ ಪರದೆಗೆ ಕೊಕ್ಕೆ ಇಲ್ಲ."

ಬರೆದಳು.

"ಮೂರು. ಗೈಡ್ ಗಂಟೆಯನ್ನು ತಪ್ಪಾಗಿ ಹೇಳಿದ್ದರಿಂದ..."

ಪೆನ್ನು ನಿಂತಿತು.

"ಬರಿ."

"ಅವರು ತಪ್ಪು ಹೇಳ್ಲಿಲ್ಲ."

"ಮೈಕಲ್ಲಿ ಅವರೇ ಒಪ್ಕೊಂಡ್ರಲ್ಲ. ಆಗ ನನ್ನ ಮೆಷಿನ್ ಆನ್ ಇತ್ತು."

"ಅದು ಸುಳ್ಳು." ಸಬೇಲಾ ಮುಂದಿನ ಸೀಟಿನ ಕಡೆ ನೋಡಿದಳು. ಅಮ್ಮ ಶೂ ಬಿಚ್ಚಿ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಳು. "ತಿರುಗಿಸಿದ್ದು ನಾನು. ಹನ್ನೊಂದನ್ನೂ. ಅಮ್ಮ ಬೆಳಿಗ್ಗೇನೇ ಮುಟ್ಟಬೇಡಿ ಅಂದಿದ್ರು. ನನಗೆ ಕೇಳ್ಸಿತ್ತು."

'ಅಮ್ಮ' ಎಂಬ ಮಾತು ಬಾಯಿಂದ ಹೊರಬಿದ್ದಿತ್ತು. ಇನ್ನು ಅದನ್ನು ಒಳಗೆ ಹಾಕಿಕೊಳ್ಳುವ ಹಾಗಿರಲಿಲ್ಲ.

ದೋನ್ ಎವರಿಸ್ತೊ ಕೊಕ್ಕೆಯಿಲ್ಲದ ಪರದೆಯನ್ನು ಸರಿಸಿ ಹೊರಗೆ ನೋಡಿದರು.

"ತಿರುಗಿಸು ಅಂದಿದ್ದು ಯಾರು?" ಎಂದು ಕೇಳಿದರು.

"ನೀವು."

"ಉಳಿದ ಹತ್ತು ಜನ ಯಾರನ್ನ ನೋಡಿ ತಿರುಗಿಸ್ಕೊಂಡ್ರು?"

"ನಿಮ್ಮನ್ನ."

"ಹ್ಞೂಂ. ಸ್ಟೇಷನ್ನಲ್ಲಿ ಹೀಗಾಗಿದ್ರೆ ನನ್ನ ಮೇಲೆ ಎನ್‌ಕ್ವೈರಿ ಆಗ್ತಿತ್ತು." ಅವರು ಕಿವಿಯ ಮೆಷಿನ್ ಮುಟ್ಟಿ ನೋಡಿಕೊಂಡರು. "ಮೂರನೇದು ಎಷ್ಟು ಬರೆದಿದೀಯ?"

"'ಮೂರು' ಅಂತ ಅಷ್ಟೇ."

"ಸರಿ. ಬರಿ. ಮೂರು. ತುಯಿ ಇಗರ್ಜಿಯ ಬಾಗಿಲು ಚೆನ್ನಾಗಿದೆ."

ಸಬೇಲಾ ಬರೆದಳು. ಅವರು ಹಾಳೆ ಈಸಿಕೊಂಡು, ಗಂಟುಬೆರಳಿನಲ್ಲಿ ಪೆನ್ನು ಹಿಡಿದು, ಒಂದು ನಿಮಿಷ ಹೆಣಗಾಡಿ ತಾವೇ ಸಹಿ ಮಾಡಿದರು. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

"ಡಬ್ಬಿಗೆ ನಾನೇ ಹಾಕ್ತೀನಿ," ಎಂದರು. ಆಮೇಲೆ ಎಡಗೈಯನ್ನು ಅವಳ ಮುಂದೆ ಚಾಚಿದರು. "ಈಗ ಇದನ್ನ ಸರಿ ಮಾಡು."

ಸಬೇಲಾ ಗಡಿಯಾರದ ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದಳು. ಒಂದು ಗಂಟೆ ಮುಂದಕ್ಕೆ ತಿರುಗಿಸಿದರೆ ಮುಗಿಯಿತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಕೀಲಿ ಬಿಟ್ಟಳು. ಸೀಟುಗಳನ್ನು ಹಿಡಿದುಕೊಂಡು ಬಸ್ಸಿನ ಮುಂದಕ್ಕೆ ಬಂದಳು.

"ಅಮ್ಮಾ."

"ಏನು?"

"ಬಸ್ಸಲ್ಲಿ ಈಗ ಎಷ್ಟು ಗಂಟೆ?"

ಒಟೀಲಿಯಾ ಮಗಳ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಆರು ಇಪ್ಪತ್ತು."

"ಆರು ಇಪ್ಪತ್ತು," ಎಂದು ಹೇಳಿಕೊಳ್ಳುತ್ತ ಸಬೇಲಾ ಹಿಂದಕ್ಕೆ ತಿರುಗಿದಳು. ಹದಿನೇಳನೇ ಸೀಟಿನ ಹಿಂದೆ ಇನ್ನೂ ಹತ್ತು ಕೈಗಳು ಸೀಟುಗಳ ಆಚೆ ಈಚೆಯಿಂದ ಚಾಚಿಕೊಂಡು ಕಾಯುತ್ತಿದ್ದವು.